ವರ್ಷದ ಕೊನೆಯ ಶಿಲ್ಕು

2023ರ ಜನವರಿ ಒಂದು, ಭಾನುವಾರ. ಅರಸೀಕೆರೆಯ ಒಂದು ಮನೆಯ ನಡುಮನೆಯಲ್ಲಿ ಐವತ್ತು ದಾಟಿದ ಗೃಹಸ್ಥರೊಬ್ಬರು ಹೊಸ ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಡೈರಿ ಯಾರೋ ಎಣ್ಣೆ ಮಿಲ್ಲಿನವರು ಪುಕ್ಕಟೆ ಕೊಟ್ಟದ್ದು. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ' ಎಂದು ಬರೆದರು. ಅದರ ಕೆಳಗೆ 'ಈ ವರ್ಷ ಓದಬೇಕಾದ ಪುಸ್ತಕಗಳು 50' ಎಂದು ಬರೆದು, ಅಂಕೆಯ ಅಡಿಗೆ ಅಡ್ಡಪಟ್ಟಿಯಿಟ್ಟು ಎರಡು ಗೆರೆ ಎಳೆದರು. ಎರಡು ಗೆರೆ ಎಳೆಯುವುದು ಅವರ ಕಸುಬಿನ ಅಭ್ಯಾಸ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರು ಅವರು. ಖಿರ್ದಿ, ಖಾತೆ, ಜಮಾ, ಖರ್ಚು, ಶಿಲ್ಕು ಇವೇ ಅವರ ದಿನನಿತ್ಯದ ಮಾತು. ಒಂದು ಮೊತ್ತದ ಕೆಳಗೆ ಎರಡು ಗೆರೆ ಬಿತ್ತೆಂದರೆ ಅದನ್ನು ಇನ್ನು ತಿದ್ದುವ ಹಾಗಿಲ್ಲ.

ಈ ಐವತ್ತು ಸುಮ್ಮನೆ ಹುಟ್ಟಿದ ಸಂಖ್ಯೆಯಲ್ಲ. ಹಿಂದಿನ ರಾತ್ರಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳ ಕೈಯಲ್ಲಿದ್ದ ಮೊಬೈಲು ನೋಡಿ ಅವರಿಗೆ ರೇಗಿತ್ತು. "ಅದನ್ನ ಕೆಳಗಿಟ್ಟು ಒಂದು ಪುಸ್ತಕ ಓದಬಾರದೇನಮ್ಮ ಪುಟ್ಟಿ?" ಎಂದಿದ್ದರು. ಮಗಳು ಮೊಬೈಲು ಕೆಳಗಿಟ್ಟಳು. ಇಟ್ಟು, "ಅಪ್ಪಾ, ನೀನು ಕೊನೇದಾಗಿ ಓದಿದ ಪುಸ್ತಕ ಯಾವುದು?" ಎಂದು ಕೇಳಿದಳು. ಎದುರುತ್ತರದ ಧಾಟಿ ಅದಲ್ಲ. ಹುಡುಗಿಗೆ ನಿಜವಾಗಿ ತಿಳಿಯಬೇಕಿತ್ತು. ಆದರೆ ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಹಾಸನದಲ್ಲಿ ಬಿ.ಕಾಂ. ಓದುವಾಗ ಹಾಸ್ಟೆಲ್ಲಿನ ದೀಪ ಆರಿಸಿದ ಮೇಲೂ ಮೆಟ್ಟಿಲ ದೀಪದಡಿ ಕೂತು ಕಾರಂತರ 'ಮರಳಿ ಮಣ್ಣಿಗೆ' ಮುಗಿಸಿದ್ದು ನೆನಪಿತ್ತು. ಆಮೇಲಿನದು ನೆನಪಿರಲಿಲ್ಲ. ಆಮೇಲೆ ಕೆಲಸ, ಮದುವೆ, ಮನೆಸಾಲ. ನಡುವೆ ಎಲ್ಲೋ ಓದು ನಿಂತುಹೋಗಿತ್ತು. ಎಂದು ನಿಂತಿತೆಂಬುದಕ್ಕೆ ಅವರ ಬಳಿ ತಾರೀಖೂ ಇರಲಿಲ್ಲ.

ಲೆಕ್ಕ ಬಲ್ಲವರಾದ್ದರಿಂದ ಸಂಕಲ್ಪವನ್ನೂ ಲೆಕ್ಕ ಹಾಕಿಯೇ ಮಾಡಿದರು. ಪುಸ್ತಕಕ್ಕೆ ಸರಾಸರಿ 200 ಪುಟ. ಐವತ್ತಕ್ಕೆ ಹತ್ತು ಸಾವಿರ ಪುಟ. ರಜೆ ಕಳೆದು ವರ್ಷಕ್ಕೆ 300 ದಿನ ಕೆಲಸಕ್ಕೆ ಹೋಗುವುದುಂಟು. ಅಂದರೆ ದಿನಕ್ಕೆ 33 ಪುಟ. ಅರಸೀಕೆರೆಯಿಂದ ತಿಪಟೂರಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಪುಟಕ್ಕೆ ಎರಡು ನಿಮಿಷದಂತೆ ಹೋಗುತ್ತಾ ಹದಿನೈದು, ಬರುತ್ತಾ ಹದಿನೈದು. ಮಿಕ್ಕ ಮೂರು ಪುಟವನ್ನು ಪ್ಲಾಟ್‌ಫಾರಮ್ಮಿನ ಮೇಲೆ ಗಾಡಿ ಕಾಯುವಾಗ ಓದಬಹುದು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಯೋಜನೆ ಇನ್ನೊಂದಿರಲಾರದು.

ಮೊದಲ ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ಊರಿನ ಗ್ರಂಥಾಲಯದ ಚೀಟಿಯನ್ನು ನವೀಕರಿಸಿಕೊಂಡರು. 'ಚೋಮನ ದುಡಿ' ಎರಡು ದಿನಕ್ಕೆ ಮುಗಿಯಿತು. 'ಕರ್ವಾಲೊ' ಓದುತ್ತಾ ತಿಪಟೂರು ಬಂದದ್ದೇ ತಿಳಿಯದೆ, ಗಾಡಿ ಹೊರಟ ಮೇಲೆ ಗಾಬರಿಬಿದ್ದು, ಮುಂದಿನ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿದು ವಾಪಸು ಬಂದರು. ಅಂದು ಮಂಡಿಗೆ ಮುಕ್ಕಾಲು ಗಂಟೆ ತಡ. ಸಾಹುಕಾರರ ಕೈಯಲ್ಲಿ ಅನ್ನಿಸಿಕೊಂಡರೂ ಆ ದಿನವೆಲ್ಲ ಅವರ ಮುಖದಲ್ಲಿ ಒಂದು ಬಗೆಯ ಕಳೆ ಇತ್ತಂತೆ. ಮಾರ್ಚ್ ಕೊನೆಗೆ ಡೈರಿಯಲ್ಲಿ 14 ಹೆಸರು. ಲೆಕ್ಕದ ಪ್ರಕಾರ ಹನ್ನೆರಡೂವರೆ ಸಾಕಿತ್ತು.

ಆ ಹದಿನಾಲ್ಕರ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಫೆಬ್ರವರಿ ನಡುವಿನಿಂದ ಪುಸ್ತಕಗಳು ತೆಳ್ಳಗಾಗುತ್ತಾ ಬಂದಿದ್ದವು. ಗ್ರಂಥಾಲಯದಲ್ಲಿ ಅವರ ಕೈ ಮೊದಲು ಲೇಖಕರ ಹೆಸರಿಗೆ ಹೋಗುವುದು ಬಿಟ್ಟು ಬೆನ್ನಿನ ದಪ್ಪಕ್ಕೆ ಹೋಗತೊಡಗಿತ್ತು. ಇದು ಅವರೊಬ್ಬರ ತಪ್ಪಲ್ಲ. ಅಳತೆಯ ಮಾನದಲ್ಲೇ ದೋಷವಿದೆ. ಮೀಟರ್ ಎಂದರೆ ಯಾವ ಬಟ್ಟೆ ಅಳೆದರೂ ಅದೇ ಮೀಟರ್. 'ಪುಸ್ತಕ' ಅಂಥ ಮಾನವಲ್ಲ. 'ಚೋಮನ ದುಡಿ'ಯೂ ಒಂದು, ಅದರ ಹಲವು ಪಟ್ಟು ತೂಗುವ 'ಮಲೆಗಳಲ್ಲಿ ಮದುಮಗಳು' ಸಹ ಒಂದೇ. ಬೇಸಿಗೆ ರಜೆಯಲ್ಲಿ ಹತ್ತು ಪುಸ್ತಕ ಓದಿದರೆ ಸೈಕಲ್ ಕೊಡಿಸುತ್ತೇನೆಂದು ಮಕ್ಕಳಿಗೆ ಆಸೆ ತೋರಿಸುವ ತಂದೆತಾಯಂದಿರು ಇದನ್ನು ಯೋಚಿಸಿದಂತಿಲ್ಲ. ಮಕ್ಕಳು ಮಾತ್ರ ಮೊದಲ ದಿನವೇ ಯೋಚಿಸಿರುತ್ತಾರೆ.

ಏಪ್ರಿಲ್‌ನಿಂದ ಬಂಡಿ ಹೂತುಕೊಂಡಿತು. ಮಗಳ ಪರೀಕ್ಷೆ ಮುಗಿಯಿತು, ಭಾಮೈದನ ಮದುವೆ ಬಂತು, ಮಂಡಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಅವಸರ. ರೈಲಿನಲ್ಲಿ ಸೀಟು ಸಿಕ್ಕುವುದು ಕಾಗದದ ಯೋಜನೆಯಲ್ಲಿ ಇದ್ದಷ್ಟು ಖಚಿತವಲ್ಲವೆಂದು ಗೊತ್ತಾಯಿತು. ಸಿಕ್ಕರೆ ಪಾಸಿನ ಗೆಳೆಯರು ಇಸ್ಪೀಟಿಗೆ ಕರೆಯುತ್ತಿದ್ದರು. ಯಾರೂ ಕರೆಯದ ದಿನ ನಿದ್ದೆ ಬರುತ್ತಿತ್ತು. ಬರುವ ಗಾಡಿಯಲ್ಲಿ ಅವರು ಓದಿದ ಹದಿನೈದು ಪುಟಗಳಲ್ಲಿ ಹತ್ತನ್ನು ಮರುದಿನ ಮತ್ತೆ ಓದಬೇಕಾಗುತ್ತಿತ್ತು. ಒಂದು ಕೈಯಲ್ಲಿ ಮೇಲಿನ ಹಿಡಿ, ಒಂದು ಕೈಯಲ್ಲಿ ಪುಸ್ತಕ, ಪುಟ ತಿರುವುವುದು ಹೆಬ್ಬೆರಳಿನಿಂದ. ತೆಳ್ಳಗಿನ ಪುಸ್ತಕವಾದರೆ ಹೇಗೋ ಆದೀತು. ಮೇ ತಿಂಗಳಲ್ಲಿ ಛಲದಿಂದ 'ಮಲೆಗಳಲ್ಲಿ ಮದುಮಗಳು' ತೆಗೆದುಕೊಂಡು ಹೋಗಿ, ನಾಲ್ಕು ದಿನ ಮಣಿಕಟ್ಟು ನೋಯಿಸಿಕೊಂಡು, ಮತ್ತೆ ಕಪಾಟಿಗೆ ಸೇರಿಸಿದರು.

ದಪ್ಪ ಪುಸ್ತಕದ ಈ ತೊಂದರೆಗೆ ಚಾರ್ಲ್ಸ್ ಡಾರ್ವಿನ್ ಒಂದು ಉಪಾಯ ಕಂಡುಕೊಂಡಿದ್ದ. ಕೈಗೆ ಭಾರವೆನಿಸಿದ ಪುಸ್ತಕವನ್ನು ನಡುವೆ ಕತ್ತರಿಸಿ ಎರಡು ಮಾಡಿಬಿಡುತ್ತಿದ್ದ! ಹೀಗೆ ಕತ್ತರಿಸಬೇಕಾಯಿತೆಂದು ಭೂವಿಜ್ಞಾನಿ ಲಯೆಲ್‌ಗೆ ಹೇಳಿ, ಆತನ ಒಂದು ಗ್ರಂಥದ ಎರಡನೆಯ ಮುದ್ರಣ ಎರಡು ಸಂಪುಟವಾಗಿ ಬರುವಂತೆ ಮಾಡಿದ್ದು ತಾನೇ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದನಂತೆ. ಮಗ ಫ್ರಾನ್ಸಿಸ್ ಬರೆದ ನೆನಪುಗಳಲ್ಲಿ ಈ ಸಂಗತಿಯಿದೆ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಓದಿಗಾಗಿ ಪುಸ್ತಕವೋ ಪುಸ್ತಕಕ್ಕಾಗಿ ಓದೋ ಎಂಬ ಬಗ್ಗೆ ಡಾರ್ವಿನ್ನನಿಗೆ ಅನುಮಾನವಿರಲಿಲ್ಲ, ಅಷ್ಟೆ.

ಗುಮಾಸ್ತರ ಡೈರಿಯಂಥದೇ ಪಟ್ಟಿ ಡಾರ್ವಿನ್ನನ ಬಳಿಯೂ ಇತ್ತು. 1838ರಲ್ಲಿ ಆರಂಭಿಸಿ 1860ರವರೆಗೆ, ಓದಬೇಕಾದ ಪುಸ್ತಕಗಳು ಮತ್ತು ಓದಿದ ಪುಸ್ತಕಗಳು ಎಂದು ಆತ ಬರೆದಿಟ್ಟುಕೊಂಡ ನೋಟ್‌ಪುಸ್ತಕಗಳು ಇಂದಿಗೂ ಉಳಿದಿವೆ. ವಿಜ್ಞಾನದ್ದು ಬೇರೆ, ಇತರೆ ಬೇರೆ. ಪಟ್ಟಿ ಶುರುವಾದ ವರ್ಷವೇ, ಅಕ್ಟೋಬರಿನಲ್ಲಿ, ಹೊತ್ತು ಹೋಗಲೆಂದು ಎತ್ತಿಕೊಂಡ ಮಾಲ್ಥಸ್ಸನ ಪುಸ್ತಕ ನೈಸರ್ಗಿಕ ಆಯ್ಕೆಯ ಹೊಳಹು ಕೊಟ್ಟಿತೆಂದು ಆತನೇ ಹೇಳಿದ್ದಾನೆ. ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲಷ್ಟೇ. ಕೆಂಟ್ ಪ್ರಾಂತದ ಡೌನ್ ಹಳ್ಳಿಯ ಆತನ ಮನೆಯಲ್ಲಿ ಇನ್ನೂ ಓದದ ಪುಸ್ತಕಗಳಿಗೆಂದೇ ಒಂದು ಕಪಾಟುಹಲಗೆ ಇತ್ತು. ಅದರ ಮೇಲಿನ ರಾಶಿ ನೋಡಿ, ಇವುಗಳಲ್ಲಿ ಎಷ್ಟನ್ನೋ ತಾನು ಎಂದೂ ಓದಲಾರೆ ಎಂದು ಆತ ನರಳುತ್ತಿದ್ದುದನ್ನೂ ಮಗ ಬರೆದಿದ್ದಾನೆ. ಜರ್ಮನ್ ಪುಸ್ತಕಗಳದ್ದಂತೂ ದೊಡ್ಡ ಗೋಳು. ಆ ಭಾಷೆಯಲ್ಲಿ ಒಂದು ಸಲಕ್ಕೆ ಕೆಲವೇ ವಾಕ್ಯ ಏಗಲು ಆಗುತ್ತಿತ್ತಂತೆ. ಜೀವವಿಜ್ಞಾನದ ದಿಕ್ಕನ್ನೇ ತಿರುಗಿಸಿದವನಿಗೂ ಓದಿನ ಬಾಕಿ ತೀರಲಿಲ್ಲ. ಕೊಬ್ಬರಿ ಮಂಡಿಯ ಖಾತೆಯ ಭಾಷೆಯಲ್ಲಿ ಹೇಳುವುದಾದರೆ, ಶಿಲ್ಕು ಮುಂದಿನ ಪುಟಕ್ಕೆ ಹೋಗುತ್ತಲೇ ಇತ್ತು.

ಜೂನ್ ಕೊನೆಗೆ ಅರಸೀಕೆರೆಯ ಡೈರಿಯಲ್ಲಿ 21. ಬೇಕಾದದ್ದು 25. ಇದು ಕೂಡಿಬರದ ಲೆಕ್ಕವೇನಲ್ಲ. ಆದರೆ ಜುಲೈನಲ್ಲಿ ಮನೆಯ ಹಿರಿಯ ಜೀವ, ಗುಮಾಸ್ತರ ತಾಯಿ, ಕಣ್ಣಿನ ಪೊರೆ ತೆಗೆಸಿಕೊಂಡರು. ಆಕೆ ಕೊಪ್ಪದ ಕಡೆಯ ಹೆಣ್ಣು. ಒಂದು ಕಾಲಕ್ಕೆ ತ್ರಿವೇಣಿಯವರ ಕಾದಂಬರಿಗಳನ್ನು ಕಾದು ಕುಳಿತು ಓದಿದವರು. ನಾಲ್ಕೈದು ವರ್ಷದಿಂದ ಅಕ್ಷರ ಮಸುಕಾಗಿ ಓದು ಬಿಟ್ಟಿದ್ದರು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತವರು ಒಂದು ಸಂಜೆ, "ಅದೇನೋ ದಪ್ಪ ಪುಸ್ತಕ ತಂದಿದ್ದೆಯಲ್ಲ, ನಮ್ಮ ಕಡೆಯದು. ಒಂದೆರಡು ಪುಟ ಓದಿ ಹೇಳೋ" ಎಂದರು.

ಓದಿ ಹೇಳುವುದೆಂದರೆ ಕಣ್ಣು ಹಾಯಿಸಿದಂತಲ್ಲ. ಅರ್ಧ ಗಂಟೆಗೆ ಏಳೆಂಟು ಪುಟವಾದರೆ ಹೆಚ್ಚು. ಅದರಲ್ಲೂ ತಾಯಿ ನಡುನಡುವೆ ತಡೆಯುತ್ತಿದ್ದರು. ಮಲೆನಾಡಿನ ಮಾತನ್ನು ಮಗ ಬಯಲುಸೀಮೆಯ ರಾಗದಲ್ಲಿ ಓದಿದರೆ, "ಹಾಗಲ್ಲ ಕಣೋ" ಎಂದು ತಿದ್ದುವುದು. ಗುತ್ತಿಯೂ ಅವನ ನಾಯಿ ಹುಲಿಯನೂ ಬಂದರೆ ಸಾಕು, ತನ್ನ ತೌರುಮನೆಯಲ್ಲಿದ್ದ ನಾಯಿಯ ಕತೆ ತೆಗೆಯುವುದು. ಅದು ಮುಗಿದ ಮೇಲೆ, "ಹೂಂ, ಎಲ್ಲಿದ್ದೆ?" ಅಷ್ಟರಲ್ಲಿ ಊಟದ ಹೊತ್ತು. ಅಡಿಗೆಮನೆಯಿಂದ ಗುಮಾಸ್ತರ ಹೆಂಡತಿಯೂ ತರಕಾರಿ ಈಳಿಗೆಮಣೆ ಸಮೇತ ಬಂದು ಬಾಗಿಲಲ್ಲಿ ಕೂರತೊಡಗಿದರು. ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೂಲೆಯಲ್ಲಿರುತ್ತಿದ್ದಳು. ಸೆಪ್ಟೆಂಬರಿನ ಒಂದು ಸಂಜೆ ಒಂದು ಪುಟ ತಪ್ಪಿ ಎರಡು ಪುಟ ಒಟ್ಟಿಗೆ ತಿರುವಿದಾಗ, "ಅಪ್ಪಾ, ಮಧ್ಯದಲ್ಲಿ ಏನೋ ಬಿಟ್ಟುಹೋಯ್ತು" ಎಂದು ಅವಳೇ ಹೇಳಿದಳು. ಇಯರ್‌ಫೋನಿನಲ್ಲಿ ಹಾಡು ಎಂದಿನಿಂದ ನಿಂತಿತ್ತೋ!

ಡಾರ್ವಿನ್ನನ ಮನೆಯಲ್ಲೂ ಮಧ್ಯಾಹ್ನ ಆತ ಸೋಫಾದ ಮೇಲೆ ಒರಗಿಕೊಂಡರೆ ಹೆಂಡತಿ ಎಮ್ಮಾ ಕಾದಂಬರಿ ಓದಿ ಹೇಳುತ್ತಿದ್ದಳು. 1876ರಲ್ಲಿ ಆತ್ಮಕಥೆ ಬರೆಯುವಾಗ ಆತ ತನ್ನ ಹಳೆಯ ಪಟ್ಟಿಗಳನ್ನು ನೋಡಿ, ಇಷ್ಟೊಂದು ದುಡಿದೆನೇ ಎಂದು ಅಚ್ಚರಿಪಟ್ಟಿದ್ದಾನೆ. ಅದೇ ಬರವಣಿಗೆಯಲ್ಲಿ ಇನ್ನೊಂದು ನೋವೂ ಇದೆ. ಮೂವತ್ತರವರೆಗೆ ಮಿಲ್ಟನ್, ವರ್ಡ್ಸ್‌ವರ್ತ್‌ರ ಕವಿತೆಗಳನ್ನು ಓದಿ ಸುಖಪಟ್ಟವನಿಗೆ ಮುಪ್ಪಿನಲ್ಲಿ ಒಂದು ಸಾಲು ಕವಿತೆ ಸಹಿಸಲಾಗುತ್ತಿರಲಿಲ್ಲ. ಇನ್ನೊಮ್ಮೆ ಬದುಕುವ ಅವಕಾಶ ಸಿಕ್ಕರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕವಿತೆ ಓದುವ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಗಮನಿಸಬೇಕು: ಅಷ್ಟೊಂದು ಪಟ್ಟಿ ಮಾಡಿದವನು ಕೊನೆಗೆ ಬಯಸಿದ ನಿಯಮದಲ್ಲಿ ಪುಸ್ತಕಗಳ ಸಂಖ್ಯೆಯೇ ಇಲ್ಲ. ಇರುವುದು 'ವಾರಕ್ಕೊಮ್ಮೆ' ಎಂಬ ಒಂದು ಮಾತು.

'ಮದುಮಗಳು' ಮುಗಿದಾಗ ಅಕ್ಟೋಬರ್ ಕೊನೆ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಗುಮಾಸ್ತರು ಎದ್ದುಹೋಗಿ ಡೈರಿ ತೆಗೆದು ಬರೆದರು. ಮೂರೂವರೆ ತಿಂಗಳ ಸಂಜೆಗಳಿಗೆ ಜಮಾ ಆದದ್ದು ಒಂದು. ರೈಲಿನಲ್ಲಿ ಓದಿದ ಸಣ್ಣದೊಂದು ಸೇರಿ ಒಟ್ಟು 23. ಉಳಿದದ್ದು ಎರಡು ತಿಂಗಳು, ಇಪ್ಪತ್ತೇಳು ಪುಸ್ತಕ.

ಇಲ್ಲಿ ಅವರು ಸೋಲೊಪ್ಪಿಕೊಂಡಿದ್ದರೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಡೈರಿ ಟಿ.ವಿ. ಸ್ಟ್ಯಾಂಡಿನ ಮೇಲೇ ಇರುತ್ತಿತ್ತು. ಮನೆಗೆ ಬಂದವರೆಲ್ಲ, "ಎಷ್ಟಾಯ್ತು ಸ್ವಾಮಿ?" ಎಂದು ಕೇಳುವುದು ರೂಢಿಯಾಗಿತ್ತು. ನವೆಂಬರಿನಲ್ಲಿ ಅವರು ಮಕ್ಕಳ ಪುಸ್ತಕಮಾಲೆಯ ಕಿರುಹೊತ್ತಗೆಗಳನ್ನು ತಂದು ಒಂದೊಂದು ಕೂರಿಕೆಯಲ್ಲಿ ಒಂದೊಂದನ್ನು ಮುಗಿಸಿದರು. ಅದು ತಪ್ಪೇನಲ್ಲ. ಆಮೇಲೆ ಒಂದು ರಾತ್ರಿ, ಹಾಸ್ಟೆಲ್ಲಿನ ಕಾಲದಲ್ಲಿ ಓದಿದ್ದ ಎರಡು ಕಾದಂಬರಿಗಳ ಹೆಸರು ಬರೆದರು. ಓದಿದ್ದಂತೂ ನಿಜ, ವರ್ಷ ಮಾತ್ರ ಬೇರೆ. ಮುನ್ನುಡಿ ಮತ್ತು ಕೊನೆಯ ಅಧ್ಯಾಯ ನೋಡಿದ ಎರಡು ಪುಸ್ತಕಗಳು ಮುಂದಿನ ವಾರ ಸೇರಿದವು. ಡಿಸೆಂಬರ್ ಮೊದಲ ವಾರದಲ್ಲಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಮೂವತ್ತು ಪುಟ ಓದಿ, ಬಹಳ ಚೆನ್ನಾಗಿದೆ ಎನ್ನಿಸಿ, ಆದರೆ ನಿಧಾನವಾಗಿ ಓದಬೇಕಾದ ಪುಸ್ತಕ ಎಂದೂ ಅನ್ನಿಸಿ, ಈಗ ನಿಧಾನಕ್ಕೆ ಸಮಯವಿಲ್ಲವೆಂದು ಗ್ರಂಥಾಲಯಕ್ಕೆ ಮರಳಿಸಿದರು. ಡೈರಿಯಲ್ಲಿ 34ನೆಯ ಸಾಲಾಗಿ ಹೆಸರು ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಸಾಹುಕಾರರ ಖಾತೆಯಲ್ಲಿ ಒಂದು ರೂಪಾಯಿಯ ಸುಳ್ಳು ನಮೂದು ಬರೆಯದ ಕೈ ಅದು.

ಮಗಳು ಆ ಹೊತ್ತಿಗೆ ಪ್ರಥಮ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಳು. ಭೌತಶಾಸ್ತ್ರದ ರೆಕಾರ್ಡ್ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಡಿಸೆಂಬರಿನ ಒಂದು ರಾತ್ರಿ ಅವಳು ಸರಳ ಲೋಲಕದ ಪ್ರಯೋಗ ಬರೆಯುತ್ತಿದ್ದುದನ್ನು ಅಪ್ಪ ನೋಡಿದರು. ಉತ್ತರ 9.8 ಎಂದು ಮೊದಲೇ ಬರೆದಾಗಿತ್ತು. ಕ್ಯಾಲ್ಕುಲೇಟರ್ ಹಿಡಿದು ಹಿಂದುಹಿಂದಕ್ಕೆ ಬರುತ್ತಾ, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಆಗಿರಬೇಕು ಎಂದು ಕಂಡುಹಿಡಿದು, ಅನುಮಾನ ಬಾರದಂತೆ ಒಂದೆರಡು ದಶಾಂಶ ಆಚೀಚೆ ಮಾಡಿ ಕೋಷ್ಟಕ ತುಂಬುತ್ತಿದ್ದಳು. ಗುಂಪಿಗೊಂದೇ ಸ್ಟಾಪ್‌ವಾಚ್, ತನ್ನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಹೀಗೇ ಬರೆಯುವುದು ಎಂದಳು. ಅದೂ ಸುಳ್ಳಲ್ಲ. ಪ್ರಯೋಗಶಾಲೆಯ ಗೋಡೆಗಳಿಗೆ ಬಾಯಿದ್ದರೆ ಎಷ್ಟೋ ಲೋಲಕಗಳು ತೂಗದೆಯೇ ಉತ್ತರ ಕೊಟ್ಟ ಕತೆ ಹೇಳಿಯಾವು.

ಗುಮಾಸ್ತರಿಗೆ ಕೆಂಡದಂಥ ಕೋಪ ಬಂತು. "ಮಾಡದ ಅಳತೆ ಬರೆಯೋದು ಅಂದರೆ ಕಳ್ಳಲೆಕ್ಕ ಬರೆದ ಹಾಗೆ. ತಪ್ಪು ಉತ್ತರ ಬಂದರೆ ಬರಲಿ, ಇದು ಮಾತ್ರ ನಮ್ಮ ಮನೇಲಿ ಬೇಡ" ಎಂದರು. ಮಗಳು ತಲೆ ತಗ್ಗಿಸಿದಳು. ಪೆನ್ನಿನ ಮುಚ್ಚಳ ಹಾಕಿದಳು. ಬಹಳ ಹೊತ್ತಾದ ಮೇಲೆ, ಅಜ್ಜಿ ಮಲಗಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಅಪ್ಪಾ, 'ಹಸುರು ಹೊನ್ನು' ಯಾವಾಗ ಮುಗಿಸಿದೆ?"

ಗ್ರಂಥಾಲಯಕ್ಕೆ ಆ ಪುಸ್ತಕವನ್ನು ಮರಳಿಸಿ ಬಂದವಳು ಅವಳೇ. ಗುರುತಿಗೆ ಇಟ್ಟಿದ್ದ ರೈಲ್ವೆ ಪಾಸಿನ ಹಳೆಯ ಚೀಟಿ ಮೂವತ್ತನೆಯ ಪುಟದಲ್ಲಿದ್ದುದನ್ನು ತೆಗೆದು, ಅಪ್ಪನ ಅಂಗಿಯ ಜೇಬಿಗೆ ಹಾಕಿದವಳೂ ಅವಳೇ. ಹತ್ತು ದಿನ ಈ ವಿಷಯ ಯಾರಿಗೂ ಹೇಳಿರಲಿಲ್ಲ. ಬಯ್ಗುಳ ತಿನ್ನದಿದ್ದರೆ ಆಗಲೂ ಹೇಳುತ್ತಿರಲಿಲ್ಲವೇನೋ.

ಗುಮಾಸ್ತರು ಉತ್ತರ ಕೊಡಲಿಲ್ಲ. ಎದ್ದು ಹಿತ್ತಿಲಿಗೆ ಹೋದರು, ಬಂದರು, ನೀರು ಕುಡಿದರು. ಆ ರಾತ್ರಿ ಮಾತೇ ಇಲ್ಲ. ಮರುದಿನ ಮಂಡಿಯಿಂದ ಬರುವಾಗ ಜೇಬಿನಲ್ಲಿ ಕೆಂಪು ಮಸಿಯ ಪೆನ್ನು ತಂದಿದ್ದರು. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಉಜ್ಜಿ ಅಳಿಸುವಂತಿಲ್ಲ, ಹಾಳೆ ಹರಿಯುವಂತೆಯೂ ಇಲ್ಲ. ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಬೇಕು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ಹೆಸರುಗಳ ಮೇಲೆ ಹಾಗೆ ಗೆರೆ ಎಳೆದರು. ಅವಳಿಗೆ ಗೊತ್ತಿದ್ದದ್ದು ಒಂದೇ. ಉಳಿದ ನಾಲ್ಕನ್ನು ಎಳೆಯುವಾಗ ಅವಳು ಅಪ್ಪನ ಮುಖ ನೋಡಲಿಲ್ಲ. 34 ಹೋಗಿ 29 ಆಯಿತು.

ಮುಂದಿನ ಭಾನುವಾರ ನಡುಮನೆಯ ಬಾಗಿಲ ಚೌಕಟ್ಟಿನ ಮೇಲೆ ಒಂದು ಮೊಳೆ ಹೊಡೆದು, ಹುರಿದಾರ ಕಟ್ಟಿ, ಅದರ ತುದಿಗೆ ಟ್ರಂಕಿನ ಪುಟ್ಟ ಬೀಗ ತೂಗಬಿಟ್ಟರು. ಟೈಲರ್ ಟೇಪಿನಿಂದ ಅಳೆದು ಅರವತ್ತು, ಎಂಬತ್ತು, ನೂರು, ನೂರಿಪ್ಪತ್ತು ಸೆಂಟಿಮೀಟರ್ ಉದ್ದ. ಗಡಿಯಾರ ಮಗಳ ಮೊಬೈಲಿನದೇ. ಅಜ್ಜಿ ಹೊಸ ಕಣ್ಣಿನಲ್ಲಿ ನೋಡುತ್ತಾ ಇಪ್ಪತ್ತರವರೆಗೆ ಎಣಿಸಿದರು; ಎರಡು ಸಲ ತಪ್ಪಿದರು, ಮತ್ತೆ ಮೊದಲಿನಿಂದ. ನೂರು ಸೆಂಟಿಮೀಟರಿನ ಸಾಲಿನಲ್ಲಿ ಇಪ್ಪತ್ತು ಆಂದೋಲನಕ್ಕೆ 40.4 ಸೆಕೆಂಡು ಬಂತು. ಲೆಕ್ಕ ಹಾಕಿದರೆ 9.68. ಮಗಳ ಮುಖ ಪೆಚ್ಚಾಯಿತು. ಆದರೂ ಹಾಗೆಯೇ ಬರೆದಳು.

ರೆಕಾರ್ಡ್ ನೋಡಿದ ಉಪನ್ಯಾಸಕರು 9.68ರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, "ಉದ್ದ ಎಲ್ಲಿಯವರೆಗೆ ಅಳೆದೆ?" ಎಂದು ಕೇಳಿದರು. ಬೀಗಕ್ಕೆ ದಾರ ಕಟ್ಟಿದ ಗಂಟಿನವರೆಗೆ ಎಂದಳು. ಅಳೆಯಬೇಕಾದದ್ದು ತೂಗುವ ವಸ್ತುವಿನ ನಡುಮಧ್ಯದವರೆಗೆ. ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಹಿಡಿದರೆ ಉತ್ತರವೂ ನೂರಕ್ಕೆ ಒಂದರಷ್ಟು ಕಡಿಮೆ ಬರುತ್ತದೆ. ತರಗತಿಯಲ್ಲಿ ಉಳಿದವರ ರೆಕಾರ್ಡ್‌ಗಳಲ್ಲೆಲ್ಲ 9.8 ಇತ್ತು; ಅವರನ್ನು ಈ ಪ್ರಶ್ನೆ ಕೇಳುವ ಸಂದರ್ಭವೇ ಬರಲಿಲ್ಲ.

2023 ಭಾನುವಾರ ಹುಟ್ಟಿ ಭಾನುವಾರವೇ ಮುಗಿಯಿತು. ಡಿಸೆಂಬರ್ 31ರ ಸಂಜೆ ಗುಮಾಸ್ತರು ಡೈರಿಯ ಮೊದಲ ಪುಟ ತೆಗೆದು, ಎರಡು ಗೆರೆ ಎಳೆದಿದ್ದ ಐವತ್ತರ ಕೆಳಗೆ ಜಮಾ 29, ಶಿಲ್ಕು 21 ಎಂದು ಬರೆದರು. 'ಹಸುರು ಹೊನ್ನು' ಮತ್ತೆ ಮನೆಗೆ ಬಂದಿತ್ತು, ಈ ಸಲ ಅಜ್ಜಿಯ ಲೆಕ್ಕದಲ್ಲಿ. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಅಲೆದ ಪ್ರಸಂಗಗಳಿಗೆ ಆಕೆ ನಗುವುದೂ, ಗಿಡದ ಹೆಸರು ಬಂದರೆ, "ಇದಕ್ಕೆ ನಮ್ಮಲ್ಲಿ ಬೇರೆ ಹೆಸರು" ಎನ್ನುವುದೂ ನಡೆದಿತ್ತು. ಅಂದು ಗುಮಾಸ್ತರ ಗಂಟಲು ಕಟ್ಟಿತ್ತು. ಮಗಳು ಪುಸ್ತಕ ತೆಗೆದುಕೊಂಡು, "ಎಷ್ಟನೇ ಪುಟ ಅಜ್ಜಿ?" ಎಂದಳು.

"ಪುಟ ಯಾರಿಗೆ ಗೊತ್ತೇ? ಆ ಹುಡುಗರು ಗುಡ್ಡ ಹತ್ತುತ್ತಾ ಇದ್ದರು, ನೋಡು."